ಕೊನೆಯ ಪುಟದಿಂದ ಓದುತ್ತಿದ್ದವರು

ಏಪ್ರಿಲ್ ತಿಂಗಳ ಆ ಭಾನುವಾರ ಪರ್ತಿನ ಬೆಂಟ್ಲಿ ಬಡಾವಣೆಯ ಸಮುದಾಯ ಭವನದಲ್ಲಿ ನಾವು ಇಪ್ಪತ್ತಮೂರು ಜನ ಸೇರಿದ್ದೆವು. ಮುಂದಿನ ಮೇಜಿನ ಹಿಂದೆ ನಮ್ಮ ಕನ್ನಡ ಕೂಟದ ಅಧ್ಯಕ್ಷ ನಾಗೇಂದ್ರ. ಮೈಸೂರಿನವರು, ಗಣಿ ಕಂಪನಿಯೊಂದರಲ್ಲಿ ಎಂಜಿನಿಯರ್. ಪಕ್ಕದಲ್ಲಿ ಕಾರ್ಯದರ್ಶಿಯಾದ ನಾನು. ಗೋಡೆಯ ಪರದೆಯ ಮೇಲೆ ಬೇರೆ ಊರಿನ ಕೂಟಗಳ ಎರಡು ಮುಖಗಳು: ಬ್ರಿಸ್ಬೇನಿನ ರನ್‌ಕಾರ್ನ್‌ನಿಂದ ಸುಧೀಂದ್ರ, ಅಡಿಲೇಡಿನಿಂದ ಕುಸುಮಾ. ನಮಗೆ ಹನ್ನೊಂದು ಗಂಟೆ, ಅಡಿಲೇಡಿಗೆ ಹನ್ನೆರಡೂವರೆ, ಬ್ರಿಸ್ಬೇನಿಗೆ ಒಂದು. ಹಾಗಾಗಿ ಸುಧೀಂದ್ರ ಊಟ ಮಾಡುತ್ತಲೇ ಒಕ್ಕೂಟದ ಘನ ಉದ್ದೇಶಗಳನ್ನು ವಿವರಿಸುತ್ತಿದ್ದರು. ನಡುವಿನ ಕುರ್ಚಿಗಳಲ್ಲಿ ಸಂಸಾರಸ್ಥರು. ಹಿಂದಿನ ಸಾಲಿನಲ್ಲಿ ಇಲ್ಲಿನ ಯೂನಿವರ್ಸಿಟಿಯ ಹುಡುಗ ಹುಡುಗಿಯರು. ಅವರ ಪೈಕಿ ತುಮಕೂರಿನಿಂದ ಬಂದು ಎರಡೇ ತಿಂಗಳಾಗಿದ್ದ ಫರ್ಹಾನಾ. ಎಲ್ಲರಿಗಿಂತ ಹಿಂದೆ, ಬಾಗಿಲ ಪಕ್ಕ, ಚಹಾಕ್ಕೆ ನೀರು ಕಾಯಿಸುವ ದೊಡ್ಡ ಸ್ಟೀಲ್ ಡ್ರಮ್ಮಿನ ಬಳಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರು.

ಅವರ ಹೆಸರು ಬರೆಯುವುದಿಲ್ಲ. ಅವರು ಮೂವತ್ತು ಚಿಲ್ಲರೆ ವರ್ಷ ಬಾಳಿದ ದೇಶದ ಹೆಸರನ್ನೂ ಬರೆಯುವುದಿಲ್ಲ. ಯುರೋಪಿನ ಪೂರ್ವದ ಅಂಚಿನ ಆ ಪುಟ್ಟ ದೇಶದಲ್ಲಿ ಕನ್ನಡದವರು ಎಷ್ಟು ಜನ ಇದ್ದಾರು? ದೇಶ ಹೇಳಿದರೆ ಮನುಷ್ಯನನ್ನು ಹೇಳಿದ ಹಾಗೆಯೇ. ಮೈಸೂರಿನ ಹುಡುಗ, ಸ್ಕಾಲರ್‌ಶಿಪ್ಪಿನ ಮೇಲೆ ಪಶುಪಾಲನೆ ಓದಲು ಅಲ್ಲಿಗೆ ಹೋದರು. ಅಲ್ಲಿಯ ಹುಡುಗಿಯನ್ನು ಮದುವೆಯಾದರು. ಅಲ್ಲಿಯ ಕೃಷಿ ಇಲಾಖೆಯಲ್ಲಿ ಅನುವಾದಕರಾದರು. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಗೆಂದು ಪರ್ತಿಗೆ ಬಂದರು. ಮಗ ಅಡಿಲೇಡಿನಲ್ಲಿದ್ದ. ಇಷ್ಟು ಸಾಕು.

ಅವರ ಕನ್ನಡ ಮೈಸೂರು ಬಿಟ್ಟ ದಿನಕ್ಕೇ ನಿಂತುಹೋಗಿತ್ತು. ಚೆನ್ನಾಗಿದೆ ಎನ್ನಲು "ಪಸಂದಾಗಿದೆ" ಅನ್ನುವರು. ನಮ್ಮಜ್ಜಿಯ ಬಾಯಲ್ಲಿ ಬಿಟ್ಟರೆ ಆ ಮಾತನ್ನು ನಾನು ಇನ್ನೆಲ್ಲೂ ಕೇಳಿರಲಿಲ್ಲ. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಗದರುತ್ತಿರಲಿಲ್ಲ. ಎರಡನೇ ಸಲ ಅದೇ ಪ್ರಶ್ನೆಯನ್ನು ಇನ್ನಷ್ಟು ನಿಧಾನವಾಗಿ, ಇನ್ನಷ್ಟು ಮರ್ಯಾದೆಯಿಂದ ಕನ್ನಡದಲ್ಲೇ ಕೇಳುವರು. ಮಕ್ಕಳಿಗೆ ನಾಚಿಕೆಯಾಗಿ ಒಂದೆರಡು ಕನ್ನಡ ಪದ ಉದುರುತ್ತಿದ್ದವು.

ಅವರ ದೊಡ್ಡ ವಿಚಿತ್ರವೆಂದರೆ, ಯಾವ ಕಾಗದ ಕೈಗೆ ಬಂದರೂ ಕೊನೆಯ ಪುಟದಿಂದ ಓದುವುದು. ಪತ್ರಿಕೆ, ಬಸ್ಸಿನ ವೇಳಾಪಟ್ಟಿ, ಔಷಧಿಯ ಡಬ್ಬದೊಳಗಿನ ಮಡಿಚಿದ ಚೀಟಿ, ಎಲ್ಲವೂ ಹಿಂದಿನಿಂದ ಮುಂದಕ್ಕೆ. ನನ್ನ ಮಗಳು ತಾನೇ ಬಣ್ಣ ಹಚ್ಚಿ ಹುಟ್ಟುಹಬ್ಬದ ಕಾರ್ಡು ಕೊಟ್ಟಾಗ ಅದನ್ನೂ ತಿರುಗಿಸಿ ನೋಡಿದರು.

"ಹಿಂದೆ ಏನೂ ಇಲ್ಲ ತಾತ," ಅಂದಳು ಅವಳು.

"ಅದನ್ನ ಖಾತ್ರಿ ಮಾಡ್ಕೊಂಡೆ ಮಗು. ಈಗ ಮುಂದಿಂದು ಸಂತೋಷವಾಗಿ ನೋಡ್ತೀನಿ."

ಒಮ್ಮೆ ಪೆಟ್ರೋಲಿಗೆಂದು ಸರ್ವೋದಲ್ಲಿ ಕಾರು ನಿಲ್ಲಿಸಿದ್ದೆ. ಇವರು ಇಳಿದುಹೋಗಿ ಪಂಪಿನ ಪಕ್ಕದ ಸಣ್ಣಕ್ಷರದ ಫಲಕವನ್ನು ಭೂತಗನ್ನಡಿ ಹಿಡಿದು ಓದತೊಡಗಿದರು. ಹಿಂದಿನ ಗಾಡಿಯವನು ಹಾರನ್ ಹೊಡೆದ. ನನಗೆ ನಾಚಿಕೆ. "ಅಂಕಲ್, ಅದನ್ನ ಯಾರೂ ಓದಲ್ಲ," ಅಂದೆ. "ಗೊತ್ತು. ಅದಕ್ಕೇ ಅಲ್ಲಿ ಬರೆದಿರ್ತಾರೆ," ಅಂದರು.

ಇಂಥ ಮನುಷ್ಯನನ್ನು ಜನ ಇಷ್ಟಪಡುವುದು ಕಷ್ಟ. ನಗುತ್ತಾ ಕಾಗದ ಕೊಟ್ಟವರನ್ನೂ ಅನುಮಾನದಿಂದ ನೋಡುವರು. ಮುಖ ಗಂಟು ಹಾಕಿ ಕೊಟ್ಟವರನ್ನೂ ಅನುಮಾನದಿಂದ ನೋಡುವರು. ಅನುಮಾನ ಪಡುವವರ ಮೇಲೆ ಮಿಕ್ಕವರಿಗೆ ಅನುಮಾನ ಬರುವುದು ಸಹಜ. ನನಗೂ ಬಂತು. ಅದನ್ನೇ ಈಗ ಹೇಳಬೇಕಿರುವುದು.

ಅದಕ್ಕೆ ಮೊದಲು ನಮ್ಮ ಕೂಟದ ಒಂದು ಪದ್ಧತಿಯನ್ನು ಹೇಳಿಬಿಡುತ್ತೇನೆ. ಬಹಳ ಹಿಂದೆ, ನಾವು ಏಳೆಂಟು ಮನೆಯವರಷ್ಟೇ ಇದ್ದಾಗ, ಯುಗಾದಿಯನ್ನು ನದಿಯ ಪಕ್ಕದ ಪಾರ್ಕಿನಲ್ಲಿ ಮಾಡುವುದೆಂದು ತೀರ್ಮಾನವಾಯಿತು. ಒಬ್ಬಟ್ಟು, ಕೋಸಂಬರಿ, ಪಾರ್ಕಿನ ಬಾರ್ಬಿ ಒಲೆಯ ಮೇಲೆ ಸುಡಲು ಮುಸುಕಿನ ಜೋಳ ಎಲ್ಲ ಹೊತ್ತುಕೊಂಡು ಹೋದರೆ ಗೇಟಿಗೆ ಬೀಗ. ಹೊಸದಾಗಿ ಬಂದಿದ್ದ ದಂಪತಿಗಳಿಬ್ಬರು ಮೆಲ್ಲಗೆ, "ದುರಸ್ತಿಗೆ ಮುಚ್ಚಿರ್ತೀವಿ ಅಂತ ಹೋದ ವಾರವೇ ಬೋರ್ಡ್ ಹಾಕಿದ್ರು," ಅಂದರು. "ಮತ್ತೆ ಹೇಳಬಾರದಾ?" ಎಂದರೆ, "ನಮ್ಮನ್ನ ಯಾರೂ ಕೇಳಲಿಲ್ಲವಲ್ಲ." ಅವತ್ತಿನಿಂದ ನಮ್ಮಲ್ಲಿ ಯಾವ ತೀರ್ಮಾನವಾದರೂ ಕಡೆಯ ಮಾತು ಹೊಸಬರದು. ಅಲ್ಲಿರುವವರಲ್ಲಿ ಎಲ್ಲರಿಗಿಂತ ಈಚೆಗೆ ಪರ್ತಿಗೆ ಬಂದವರು ಯಾರೋ ಅವರನ್ನು ಕೊನೆಗೆ ಕೇಳಬೇಕು. ಅವರು ಬೇಡ ಅಂದರೆ ವಿಷಯ ಒಂದು ತಿಂಗಳು ಮುಂದಕ್ಕೆ. ವೀಸಾ ಯಾವುದು, ಸದಸ್ಯತ್ವ ಇದೆಯೋ ಇಲ್ಲವೋ, ಯಾರೂ ವಿಚಾರಿಸುವಂತಿಲ್ಲ. ನಾವು ಇದಕ್ಕೆ 'ಹೊಸಬರ ಮಾತು' ಎನ್ನುತ್ತೇವೆ.

ಅಂಕಲ್ ನಮ್ಮಲ್ಲಿ ಪಸಂದಾಗಿದೆ ಎಂದ ಒಂದೇ ಒಂದು ಕಾನೂನು ಇದು.

ಇನ್ನು ಆ ಭಾನುವಾರ. ಪರ್ತ್, ಬ್ರಿಸ್ಬೇನ್, ಅಡಿಲೇಡಿನ ಮೂರು ಸಣ್ಣ ಕೂಟಗಳು ಸೇರಿ ಒಂದು ಒಕ್ಕೂಟವಾಗುವುದು ಸುಧೀಂದ್ರ ಅವರ ಯೋಚನೆ. ಬ್ರಿಸ್ಬೇನ್ ಮತ್ತು ಅಡಿಲೇಡಿನವರು ಆಗಲೇ ಸೇರಿದ್ದರು. ನಾವು ಸೇರುವುದು ಬಾಕಿ. ಸೇರಿದರೆ ಭವನಕ್ಕೆ ವಿಮೆ, ಮಕ್ಕಳ ಭಾನುವಾರದ ಶಾಲೆಗೆ ಪಠ್ಯ, ಕಲಾವಿದರು ಬಂದರೆ ಮೂರೂ ಊರಿಗೆ ಪ್ರವಾಸ. ಅದಕ್ಕೆ ನಾವು ನಮ್ಮ ನಿಯಮಗಳನ್ನು ಒಕ್ಕೂಟದ ನಿಯಮಕ್ಕೆ ಹೊಂದಿಸಿಕೊಳ್ಳಬೇಕು. ಅಧ್ಯಕ್ಷರಾದವರು ಎರಡು ಅವಧಿಗಿಂತ ಹೆಚ್ಚು ಕೂರುವಂತಿಲ್ಲ. ಸಭೆ ಶನಿವಾರ ಸಂಜೆ, ಮೂರೂ ಊರಿಗೆ ಒಟ್ಟಿಗೆ. ಮತ ಮತ್ತು ಮಾತು ಕಾಯಂ ನಿವಾಸಿಗಳಾದ, ಒಂದು ವರ್ಷ ಪೂರೈಸಿದ ಸದಸ್ಯರಿಗೆ ಮಾತ್ರ. ಉಳಿದವರು ವೀಕ್ಷಕರು.

ಒಕ್ಕೂಟದ ಕರಡು ಇಂಗ್ಲಿಷಿನಲ್ಲಿತ್ತು. ಅದನ್ನು ಕನ್ನಡಕ್ಕೆ ಇಳಿಸಿದವಳು ನಾನು. ನಾಲ್ಕು ಸಂಜೆ ಕೂತು ಮಾಡಿದ್ದೆ, ಹೆಮ್ಮೆಯೂ ಇತ್ತು. ನಾನು ಓದಿ ಮುಗಿಸಿದ ಮೇಲೆ ಚಪ್ಪಾಳೆ ಬಿತ್ತು. ಬಾಗಿಲ ಬಳಿಯಿಂದ ದನಿ ಬಂತು.

"ಹಿಂದುಗಡೆ ಏನಿದೆ?"

"ಅಷ್ಟೇ ಅಂಕಲ್. ಮುಗೀತು," ಅಂದೆ.

"ಮುಗಿಯೋ ರೀತಿ ಇದಲ್ಲ ತಾಯಿ. ಒಕ್ಕೂಟದ ಕಾಗದ ಇಲ್ಲಿಗೆ ಮುಗಿಯೋದನ್ನ ನಾನು ಯಾವತ್ತೂ ಕಂಡಿಲ್ಲ. ಅನುಬಂಧ ಇರಬೇಕು."

"ಬರೀ ಫಾರ್ಮುಗಳು ಸಾರ್," ಅಂದರು ನಾಗೇಂದ್ರ, ನಕ್ಕು. ಹಾಗೆ ನಕ್ಕದ್ದು ಅವರ ತಪ್ಪು. ಅಂಕಲ್‌ನ ಭೂತಗನ್ನಡಿ ಅವರ ಕಡೆ ತಿರುಗಿತು.

ಎಲ್ಲರ ಮಾತೂ ಆಯಿತು. ಸೇರೋಣ, ಸೇರೋಣ. ಕೊನೆಗೆ ನಾನು ಪದ್ಧತಿಯಂತೆ, "ಹೊಸಬರು ಯಾರು?" ಎಂದೆ. ಫರ್ಹಾನಾ ಎದ್ದು ನಿಂತಳು. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತಾ ಹೇಳಿದಳು:

"ಆಂಟಿ, ಶನಿವಾರ ಸಂಜೆ ನಂಗೆ ಕ್ಯಾನಿಂಗ್ಟನ್ ಮಾಲ್‌ನಲ್ಲಿ ಶಿಫ್ಟು. ನಂಗೊಬ್ಳಿಗೇ ಅಲ್ಲ, ಈ ಸಾಲಲ್ಲಿ ಕೂತಿರೋ ಎಲ್ರಿಗೂ. ಭಾನುವಾರ ಇಲ್ಲಿ ಬಂದ್ರೆ ಅಮ್ಮನ ಹತ್ರ ಮಾತಾಡಿದಷ್ಟು ಸಮಾಧಾನ ಆಗುತ್ತೆ. ಶನಿವಾರ ಮಾಡಿದ್ರೆ ಬರೋಕಾಗಲ್ಲ. ಬಂದ್ರೂ ಬಾಯಿ ಮುಚ್ಕೊಂಡು ಕೂತಿರ್ಬೇಕು. ಹಂಗಾದ್ರೆ ಈಗ್ಲೇ ಹೇಳ್ಬಿಡ್ತೀನಿ, ಬೇಡ."

ಪರದೆಯ ಮೇಲೆ ಸುಧೀಂದ್ರ ತುತ್ತು ಕೈಯಲ್ಲಿ ಹಿಡಿದು ನಿಂತುಬಿಟ್ಟರು. "ಏನ್ರೀ ಇದು ನಾಗೇಂದ್ರ? ಎರಡು ತಿಂಗಳ ಹಿಂದೆ ಬಂದ ಮಗು ನಿಲ್ಲಿಸಬಹುದಾ?"

"ಒಂದು ತಿಂಗಳು ಮಾತ್ರ," ಅಂದರು ನಾಗೇಂದ್ರ, ಮುಖ ಕೆಂಪಗೆ ಮಾಡಿಕೊಂಡು.

ಸಭೆ ಚದುರಿದ ಮೇಲೆ ಅಂಕಲ್ ನನ್ನ ಬಳಿ ಬಂದು, "ಇಂಗ್ಲಿಷಿನ ಮೂಲ ನನಗೊಂದು ಪ್ರತಿ ಕಳಿಸ್ತೀಯಾ?" ಎಂದು ಕೇಳಿದರು. ಕಳಿಸುತ್ತೇನೆ ಅಂದೆ. ಕಳಿಸಲಿಲ್ಲ. ನಾಲ್ಕು ಸಂಜೆಯ ನನ್ನ ಕೆಲಸವನ್ನು ಈತ ನಂಬುವುದಿಲ್ಲವಲ್ಲ ಎಂಬ ಸಿಟ್ಟು.

ಅಲ್ಲಿಂದ ಎರಡು ವಾರಕ್ಕೆ ಕ್ಯಾನಿಂಗ್ಟನ್ನಿನ ಮಾಲಿನ ಕಾರ್ ಪಾರ್ಕಿನಲ್ಲಿ ನಾಗೇಂದ್ರ ಸಿಕ್ಕಿದರು. ತರಕಾರಿ ಚೀಲ ಕೆಳಗಿಟ್ಟು ಫೋನು ತೆಗೆದರು.

"ನೋಡಿದ್ರಾ ವಸುಧಾ? ಕುಸುಮಾ ಗ್ರೂಪಲ್ಲಿ ಹಾಕಿದ್ದಾರೆ."

ಅಡಿಲೇಡಿನಲ್ಲಿ ಕುಸುಮಾಳ ಅಡುಗೆಮನೆಯ ಮೇಜು. ಅಂಕಲ್ ಕಾಫಿ ಲೋಟ ಹಿಡಿದು ಕೂತಿದ್ದಾರೆ, ಮುಂದೆ ಕಾಗದಗಳ ರಾಶಿ. ಕೆಳಗೆ 'ಪರ್ತಿನ ಹಿರಿಯ ಅತಿಥಿ' ಎಂದು ಬರೆದಿತ್ತು.

"ಮಗನ ಮನೆಗೆ ಹೋಗಿರ್ತಾರೆ," ಅಂದೆ.

"ಮಗನ ಮನೇಲಿ ಮೇಜಿಲ್ವಾ? ನಮಗೆ ಒಂದ್ ಮಾತೂ ಹೇಳದೆ ಅವ್ರ ಹತ್ರ ಒಳಗೊಳಗೇ ಏನೋ ನಡೆಸ್ತಿದಾರೆ. ಆ ಹುಡುಗಿಗೆ ಬೇಡ ಅಂತ ಹೇಳಿಕೊಟ್ಟೋರೂ ಇವ್ರೇ ಇರ್ಬೇಕು. ಒಕ್ಕೂಟಕ್ಕೆ ಸಲಹೆಗಾರರು ಅಂತ ಒಂದು ಪೋಸ್ಟ್ ಇದೆಯಲ್ಲ, ಅದರ ಮೇಲೆ ಕಣ್ಣು."

ನಾನು ಅಲ್ಲಗಳೆಯಲಿಲ್ಲ. ಮನೆಗೆ ಬರುವಷ್ಟರಲ್ಲಿ ನನ್ನ ತಲೆಯಲ್ಲಿ ಎಲ್ಲವೂ ಅದಕ್ಕೇ ಹೊಂದಿಕೊಂಡಿತು. ಫರ್ಹಾನಾ ಮತ್ತು ಅವರು ಒಂದೇ ಬಸ್ಸಿನಲ್ಲಿ ಬರುತ್ತಾರೆ. ಮೂಲ ಪ್ರತಿ ಕೇಳಿದ್ದು ನನ್ನ ತಪ್ಪು ಹುಡುಕುವುದಕ್ಕೆ. ಒಕ್ಕೂಟದ ವಿಷಯ ಬಂದಾಗಲೆಲ್ಲ "ನಮ್ಮಲ್ಲಿ ಹೀಗಾಯ್ತು, ನಮ್ಮಲ್ಲಿ ಹಾಗಾಯ್ತು" ಎಂದು ಆ ದೂರದ ದೇಶದ ಕಥೆ ತೆಗೆಯುತ್ತಿದ್ದದ್ದು ನಮ್ಮನ್ನು ಹೆದರಿಸುವುದಕ್ಕೆ. ಒಬ್ಬ ಮನುಷ್ಯನ ಮೇಲೆ ಅನುಮಾನ ಹುಟ್ಟಿದರೆ ಅವರ ಹಳೆಯ ಒಳ್ಳೆಯತನವೂ ಸಂಚಿನ ಹಾಗೆ ಕಾಣುತ್ತದೆ. ನಮ್ಮ ಮಗಳ ಕಾರ್ಡು ತಿರುಗಿಸಿ ನೋಡಿದ್ದು ಕೂಡ.

ಆ ಕಥೆಗಳಾದರೂ ಬರೀ ದೂರಿನ ಕಥೆಗಳಾಗಿರಲಿಲ್ಲ ಎಂಬುದು ಈಗ ಹೊಳೆಯುತ್ತದೆ. ಅವರ ದೇಶ ಯುರೋಪಿನ ಆ ದೊಡ್ಡ ಒಕ್ಕೂಟಕ್ಕೆ ಸೇರಲು ವರ್ಷಗಟ್ಟಲೆ ತಯಾರಿ ಮಾಡಿತಂತೆ. ಅಧ್ಯಾಯ ಅಧ್ಯಾಯವಾಗಿ ಪರೀಕ್ಷೆ. ಆ ಕಡೆಯಿಂದ ಅಧಿಕಾರಿಗಳು ಬಂದು ಪಟ್ಟಿ ಹಿಡಿದು ಟಿಕ್ ಹಾಕುವರು. ಸಂಸತ್ತಿನಲ್ಲಿ ಯಾರೂ ಓದದ ಕಾನೂನುಗಳಿಗೆ ಕೈ ಎತ್ತಿ ಎತ್ತಿ ಸದಸ್ಯರಿಗೆ ತೋಳು ನೋವು ಬರುತ್ತಿತ್ತು ಎನ್ನುವರು. "ಬೋರ್ಡು ಮೊದಲು ಬಂತು, ಆಮೇಲೆ ಕುರ್ಚಿ ಬಂತು, ಆಮೇಲೆ ಆಫೀಸರು ಬಂದ. ಕೆಲಸ ಮಾತ್ರ ದಾರೀಲಿದೆ ಅಂತಿದ್ರು." ಆದರೆ ಮರುಗಳಿಗೆಗೇ ಬೆರಳೆತ್ತಿ, "ಸುಳ್ಳು ಹೇಳಬಾರದು. ಜೀವಮಾನದಲ್ಲಿ ಮೊದಲ ಸಲ ನಮ್ಮ ಜಿಲ್ಲೆಯ ದೊಡ್ಡ ಸಾಹೇಬನ ಮಗ ಕ್ಯೂನಲ್ಲಿ ನಿಂತಿದ್ದನ್ನ ನೋಡಿದೆ. ಅದೂ ಒಕ್ಕೂಟದಿಂದಲೇ ಆದದ್ದು," ಅನ್ನುವರು.

ಪರ್ತಿನ ಮೇಲೂ ಅವರಿಗೊಂದು ವಿಶೇಷ ಅಭಿಮಾನವಿತ್ತು. ಈ ರಾಜ್ಯದವರು ಆಸ್ಟ್ರೇಲಿಯಾದ ಒಕ್ಕೂಟಕ್ಕೆ ಎಲ್ಲರಿಗಿಂತ ಕೊನೆಗೆ ಗೊಣಗುತ್ತಾ ಸೇರಿದವರು, ಸೇರಿದ ಮೇಲೂ ಒಮ್ಮೆ ಬಿಟ್ಟು ಹೋಗುತ್ತೇವೆಂದು ಮತ ಹಾಕಿದವರು ಎಂದು ಎಲ್ಲೋ ಓದಿಕೊಂಡಿದ್ದರು. ಅಡಿಲೇಡಿನ ಗಡಿಯಾರವನ್ನಂತೂ ಹೊಗಳಿ ಮುಗಿಯುತ್ತಿರಲಿಲ್ಲ. "ನೋಡು, ಈ ಕಡೆಯೋರದೂ ಪೂರಾ ಗಂಟೆ, ಆ ಕಡೆಯೋರದೂ ಪೂರಾ ಗಂಟೆ. ಅವರು ತಮ್ಮ ಅರ್ಧ ಗಂಟೇನ ಬಿಟ್ಟುಕೊಟ್ಟಿಲ್ಲ. ಒಂದೇ ದೇಶ ಆಗೋಕೆ ಒಂದೇ ಗಡಿಯಾರ ಬೇಕಿಲ್ಲ ತಾಯಿ."

ಮೇ ತಿಂಗಳ ಸಭೆಯ ದಿನ ಜಡಿಮಳೆ. ಅವರು ಫರ್ಹಾನಾಳ ಜೊತೆಗೇ ಬಸ್ಸಿಳಿದು ಬಂದರು. ಪ್ರತಿ ಸಲ ಅವರಿಗಾಗಿ ಸಕ್ಕರೆ ಹಾಕದ ಚಹಾ ಬೇರೆ ತೆಗೆದಿಡುತ್ತಿದ್ದೆ. ಅವತ್ತು ಇಡಲಿಲ್ಲ. ಅವರು ಬರಿಯ ಬಿಸಿನೀರನ್ನು ಲೋಟಕ್ಕೆ ಬಗ್ಗಿಸಿಕೊಂಡು, ಕಂಕುಳಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಕಾಗದ ತೆಗೆದರು.

"ಇದನ್ನ ಅಡಿಲೇಡಿನ ಆ ಹೆಣ್ಣುಮಗಳ ಹತ್ತಿರ ಈಸ್ಕೊಂಡು ಬಂದೆ. ನೀನು ಕಳಿಸ್ತೀಯೇನೋ ಅಂತ ಹತ್ತು ದಿನ ಕಾದೆ."

ಒಕ್ಕೂಟದ ಇಂಗ್ಲಿಷ್ ಕರಡು. ಕೊನೆಯ ಪುಟವನ್ನು ಮೇಲಕ್ಕೆ ಮಡಚಿಟ್ಟಿದ್ದರು. ಮೂರನೆಯ ಅನುಬಂಧ. ಯಾವುದೇ ಕೂಟ ತನ್ನ ಸಭೆಯ ದಿನವನ್ನೂ ತೀರ್ಮಾನ ಮಾಡುವ ತನ್ನ ಪದ್ಧತಿಯನ್ನೂ ಹಾಗೆಯೇ ಉಳಿಸಿಕೊಳ್ಳಬಹುದು. ಆದರೆ ಸೇರುವುದಕ್ಕೆ ಮುಂಚೆ ಬರವಣಿಗೆಯಲ್ಲಿ ಕೇಳಿಕೊಂಡಿರಬೇಕು. ಸೇರಿದ ನಂತರ ಕೇಳಿದರೆ ಮೂರೂ ಕೂಟಗಳ ಒಪ್ಪಿಗೆ ಬೇಕು.

ಡ್ರಮ್ಮಿನಲ್ಲಿ ನೀರು ಕೊತಕೊತ ಕುದಿಯುತ್ತಿತ್ತು. ಆ ಪುಟ ನನ್ನ ಬಳಿ ಇತ್ತು. ಅನುಬಂಧಗಳು ಬೇರೆ ಫೈಲಿನಲ್ಲಿದ್ದವು. "ಹಿಂದಿನದೆಲ್ಲ ಬರೀ ಫಾರ್ಮು, ಅದನ್ನ ಬಿಟ್ಬಿಡಿ" ಎಂದು ನಾಗೇಂದ್ರ ಫೋನಿನಲ್ಲಿ ಹೇಳಿದ್ದರು. ನಾನು ಆ ಫೈಲನ್ನು ತೆರೆದೇ ನೋಡಿರಲಿಲ್ಲ. ಐದನೆಯ ಸಂಜೆ ಕೂರುವುದು ತಪ್ಪಿತಲ್ಲ ಎಂದು ಖುಷಿಯೇ ಆಗಿತ್ತು.

"ಈ ಪುಟ ಬೇಡ ಅಂತ ನಿನಗೆ ಯಾರು ಹೇಳಿದ್ದು?" ಎಂದು ಅವರು ಕೇಳಿದರು. ನನ್ನ ಕಣ್ಣು ತಾನಾಗಿಯೇ ಮುಂದಿನ ಮೇಜಿನ ಕಡೆ ಹೋಯಿತು. ಅವರು ಕೂಡಲೇ ಅಂಗೈ ಅಡ್ಡ ಹಿಡಿದರು. "ಬೇಡ, ಹೇಳಬೇಡ. ಹೇಳಿದ್ರೆ ಅದನ್ನೂ ನಾನು ಪರೀಕ್ಷೆ ಮಾಡಬೇಕಾಗುತ್ತೆ. ನನಗೆ ಅಷ್ಟು ಆಯಸ್ಸಿಲ್ಲ. ಹೋಗಿ ನೀನೇ ಓದು."

"ನೀವೇ ಓದಿ ಅಂಕಲ್. ಹುಡುಕಿದ್ದು ನೀವು."

"ನಾನು ಓದಿದ್ರೆ ಮುದುಕ ತಪ್ಪು ಹುಡುಕಿದ ಅಂತಾರೆ. ನೀನು ಓದಿದ್ರೆ ಒಂದು ಪುಟ ಜಾಸ್ತಿ ಸಿಕ್ಕಿತು ಅಂತಾರೆ."

ಓದಿದೆ. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಅಲ್ಲೇ ಕನ್ನಡ ಮಾಡಿ. "ಈ ಪುಟವನ್ನು ಕನ್ನಡಕ್ಕೆ ಮಾಡದೆ ಬಿಟ್ಟವಳು ನಾನು. ತೆರೆದು ನೋಡಿರಲಿಲ್ಲ," ಎಂದೂ ಹೇಳಿದೆ. ನಾಗೇಂದ್ರ ತಲೆಯೆತ್ತಲಿಲ್ಲ, ಮುಂದಿದ್ದ ಕಾಗದದ ಅಂಚನ್ನು ಉಗುರಿನಿಂದ ನೀವುತ್ತಿದ್ದರು.

ಪರದೆಯ ಮೇಲೆ ಕುಸುಮಾ, "ಅಯ್ಯೋ, ಇದನ್ನ ನಾವೂ ಓದಿರ್ಲಿಲ್ಲ ಕಣ್ರೀ! ನಮ್ಮನೆ ಮೇಜಲ್ಲಿ ಕೂತು ಆ ಅಂಕಲ್ ಓದಿ ಹೇಳಿದ್ಮೇಲೇ ನಂಗೂ ಗೊತ್ತಾಗಿದ್ದು. ನಾವು ಆಗ್ಲೇ ಸೇರ್ಬಿಟ್ಟಿದ್ವಿ," ಅಂದಳು.

"ಹಾಗಾದ್ರೆ ಸುಧೀಂದ್ರ, ಶನಿವಾರ ಸಂಜೆ ಬೇಕು ಅಂತ ಕೇಳಿದ್ದು ಯಾರು?" ಎಂದು ಯಾರೋ ನಡುವಿನಿಂದ ಕೇಳಿದರು.

ಸುಧೀಂದ್ರ ನೇರ ಮನುಷ್ಯ. "ನಾನಂತೂ ಅಲ್ಲಪ್ಪ. ಶನಿವಾರ ನಮಗೆ ಮಗನ ಕ್ರಿಕೆಟ್ ಇರುತ್ತೆ. ಪರ್ತಿನವರು ಕೇಳ್ತಿದಾರೆ ಅಂದ್ಕೊಂಡಿದ್ದೆ."

ನಾವು ಬ್ರಿಸ್ಬೇನಿನವರು ಕೇಳುತ್ತಿದ್ದಾರೆ ಎಂದುಕೊಂಡಿದ್ದೆವು. ಜನ ನಕ್ಕರು. ಅಂಕಲ್ ನಗಲಿಲ್ಲ. ಅವರ ಕಣ್ಣು ನಾಗೇಂದ್ರ ಅವರ ಉಗುರಿನ ಮೇಲಿತ್ತು.

ಎಲ್ಲರ ಮಾತಾದ ಮೇಲೆ ಹೊಸಬರ ಮಾತು. ನಡುವೆ ಇನ್ಯಾರೂ ಹೊಸಬರು ಬಂದಿರಲಿಲ್ಲ, ಫರ್ಹಾನಾಳೇ ಎದ್ದಳು. ಈ ಸಲ ದುಪಟ್ಟಾ ಹಿಡಿದುಕೊಳ್ಳಲಿಲ್ಲ.

"ಸೇರೋಣ ಆಂಟಿ. ಪುಸ್ತಕ ಬರುತ್ತೆ, ವಿಮೆ ಬರುತ್ತೆ, ಯಾಕೆ ಬೇಡ ಅನ್ಲಿ? ಆದ್ರೆ ನಮ್ಮ ಕಾಗದ ಮೊದ್ಲು ಹೋಗ್ಲಿ. ಅದು ತಲುಪಿತು ಅಂತ ಅವ್ರಿಂದ ಉತ್ತರ ಬಂದ್ಮೇಲೆ ನೀವು ಸೈನ್ ಮಾಡಿ."

ಕಾಗದವನ್ನು ಅಲ್ಲೇ ಬರೆದೆವು. ಭಾನುವಾರ ನಮ್ಮದು, ಹೊಸಬರ ಮಾತು ನಮ್ಮದು. ಅಂಕಲ್ ಅದನ್ನು ಈಸಿಕೊಂಡು ಮೊದಲು ಹಿಂದೆ ತಿರುಗಿಸಿ ನೋಡಿದರು, ಆಮೇಲೆ ಮುಂದೆ ಓದಿದರು. "ಪಸಂದಾಗಿದೆ," ಅಂದರು.

ಅವತ್ತು ನನ್ನ ಗಂಡ ಕಾರು ತೆಗೆದುಕೊಂಡು ಹೋಗಿದ್ದರಿಂದ ನಾನೂ ಅವರ ಜೊತೆ ಕ್ಯಾನಿಂಗ್ಟನ್ ಕಡೆಯ ಬಸ್ಸು ಹತ್ತಿದೆ. ಕಿಟಕಿಯ ಗಾಜಿನ ಮೇಲೆ ನೀರು ಇಳಿಯುತ್ತಿತ್ತು. ಕ್ಷಮಿಸಿ ಎನ್ನಲು ನಾನು ಬಾಯಿ ತೆರೆಯುವ ಮೊದಲೇ ಅವರು ಶುರು ಮಾಡಿದರು.

"ಅನುವಾದ ಮಾಡೋರ ಕೈಲಿ ಪುಟ ಬೀಳುತ್ತೆ ತಾಯಿ. ನನ್ನ ಕೈಲೂ ಬಿದ್ದಿದೆ."

ಅವರ ಅತ್ತೆ, ಅಂದರೆ ಹೆಂಡತಿಯ ತಾಯಿ, ಬೆಟ್ಟದ ಹಳ್ಳಿಯೊಂದರಲ್ಲಿ ಕುರಿ ಸಾಕಿಕೊಂಡು ಚೀಸ್ ಮಾಡುತ್ತಿದ್ದಳಂತೆ. ಕಲ್ಲಿನ ನೆಲಮಾಳಿಗೆ, ಮರದ ಹಲಗೆಗಳು, ಹಲಗೆಯ ಮೇಲೆ ಉಂಡೆ ಉಂಡೆಯಾಗಿ ಚೀಸು ತಿಂಗಳುಗಟ್ಟಲೆ ಮಾಗಬೇಕು. ದೇಶ ಒಕ್ಕೂಟಕ್ಕೆ ಸೇರುವ ಗಡಿಬಿಡಿ. ಆಹಾರದ ಶುಚಿತ್ವದ ನಿಯಮಗಳನ್ನು ಅಲ್ಲಿಯ ಭಾಷೆಗೆ ಇಳಿಸುವ ಕೆಲಸ ಇವರ ಮೇಜಿಗೆ ಬಂತು. ಗೋಡೆ ತೊಳೆಯುವಂತಿರಬೇಕು, ಹಲಗೆ ತೊಳೆಯುವಂತಿರಬೇಕು. ಮುಖ್ಯ ಭಾಗ ಮುಗಿಸಿದರು. ಗಡುವು ಮೀರುತ್ತಿತ್ತು. ಅನುಬಂಧ ಆಮೇಲೆ ಮಾಡಿದರಾಯಿತು ಎಂದರು ಮೇಲಿನವರು. ಇವರೂ ಆಯಿತು ಎಂದರು. ಅಷ್ಟನ್ನೇ ಅಚ್ಚು ಹಾಕಿಸಿದರು. ತಪಾಸಣೆಯವರು ಅದನ್ನೇ ಹಿಡಿದುಕೊಂಡು ಊರೂರಿಗೆ ಹೋದರು.

"ನಮ್ಮತ್ತೆ ನನ್ನನ್ನ ಕೇಳಿದಳು. ಇದು ನಿಜವಾ ಅಳಿಯ, ಮರದ ಹಲಗೆ ಬೇಡ್ವಂತಾ, ಅಂತ. ನಾನೇ ಕನ್ನಡಕ ಹಾಕ್ಕೊಂಡು ಓದಿ ಹೇಳಿದೆ. ಒಕ್ಕೂಟ ಕೇಳ್ತಿದೆ ಅಮ್ಮ, ಏನೂ ಮಾಡೋಕಾಗಲ್ಲ ಅಂತ. ಆ ಚಳಿಗಾಲಕ್ಕೆ ಹಲಗೆಗಳನ್ನ ಒಲೆಗೆ ಹಾಕಿದಳು."

ಎರಡು ವರ್ಷದ ಮೇಲೆ ಬಾಕಿ ಉಳಿದ ಅನುಬಂಧ ಮತ್ತೆ ಅವರ ಮೇಜಿಗೇ ಬಂತು. ಹಳೆಯ ರೀತಿಯಲ್ಲಿ ಮಾಡುವ ಸಣ್ಣವರಿಗೆ ವಿನಾಯಿತಿ ಕೊಡಬಹುದು, ಸದಸ್ಯ ದೇಶ ಕೇಳಿಕೊಂಡರೆ ಎಂದು ಅದರಲ್ಲಿತ್ತು. ಬೇರೆ ದೇಶಗಳು ಕೇಳಿದ್ದವು. ಇವರ ದೇಶ ಕೇಳಿರಲಿಲ್ಲ.

"ಒಕ್ಕೂಟ ಕೇಳಿರ್ಲಿಲ್ಲ ಕಣಮ್ಮ. ನಾವೇ ಕೇಳಿದ್ವಿ, ಅವರ ಹೆಸರಲ್ಲಿ. ನಮ್ಮ ಇಲಾಖೆಗೆ ಹಳ್ಳಿ ಹಳ್ಳಿ ಸುತ್ತೋದು ಬೇಡವಾಗಿತ್ತು. ದೊಡ್ಡ ಡೈರಿಯವರಿಗೆ ಸಣ್ಣವರು ಬೇಡವಾಗಿತ್ತು. ಎಲ್ಲರಿಗೂ ಒಂದು ನೆಪ ಸಿಕ್ಕಿತು. ನನಗೆ ಬೇಗ ಮನೆಗೆ ಹೋಗಬೇಕಿತ್ತು."

"ಅತ್ತೆಗೆ ಹೇಳಿದ್ರಾ?"

"ಹೇಳಿದೆ. ಬಯ್ಯಲಿಲ್ಲ. ಊಟಕ್ಕೆ ಕೂತಾಗ ಎಲ್ಲರ ತಟ್ಟೆಗೂ ಪಕ್ಕದ ಮನೆಯವರು ಕದ್ದುಮುಚ್ಚಿ ಮಾಡಿದ್ದ ಚೀಸು ಕೊಯ್ದು ಹಾಕಿದಳು. ನನ್ನ ತಟ್ಟೆಗೆ ಮಾತ್ರ ಅಂಗಡಿಯ ಚೀಸು. ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ. ಅವಳು ಬದುಕಿರೋವರೆಗೂ ಹಾಗೇ ಇಟ್ಟಳು."

ಬಸ್ಸು ಮಾಲಿನ ಮುಂದೆ ನಿಂತಿತು. ಅವರು ಕವರು ಮಡಚಿ ಕಂಕುಳಲ್ಲಿಟ್ಟುಕೊಂಡು ಎದ್ದರು. "ಬೇಡ ಅನ್ನೋಕೆ ನೀವು ಆ ಹುಡುಗಿಗೆ ಹೇಳಿಕೊಟ್ಟಿದ್ರಾ?" ಎಂದು ಕೇಳಿಯೇಬಿಟ್ಟೆ. ಅನುಮಾನ ಅಷ್ಟು ಸುಲಭಕ್ಕೆ ಹೋಗುವುದಿಲ್ಲ ನೋಡಿ.

ಅವರಿಗೆ ಬೇಜಾರಾಗಲಿಲ್ಲ, ಖುಷಿಯೇ ಆದ ಹಾಗಿತ್ತು. "ಇಲ್ಲ. ಆದ್ರೆ ನೀನು ಅವಳನ್ನೂ ಒಂದ್ಸಲ ಕೇಳಿ ನೋಡು," ಅಂದರು. ಕೇಳಿದೆ. "ಅವ್ರು ಬಸ್ಸಲ್ಲಿ ಬರೀ ಟಿಕೆಟ್ ಹಿಂದ್ಗಡೆ ಓದ್ತಿರ್ತಾರೆ ಆಂಟಿ," ಅಂದಳು ಅವಳು.

ಜೂನಿನಲ್ಲಿ ಸೇರಿದೆವು. ನಮ್ಮ ಕಾಗದ ತಲುಪಿತೆಂಬ ಉತ್ತರ ಮೊದಲು ಬಂತು, ಸಹಿ ಆಮೇಲೆ ಹೋಯಿತು. ಅವತ್ತು ಎಲ್ಲರೂ ಕೇಸರಿಬಾತು ತಿನ್ನುತ್ತಿದ್ದರೆ ಅಂಕಲ್ ನನ್ನನ್ನು ಬಾಗಿಲ ಬಳಿ ಕರೆದರು. "ಇನ್ನು ಮುಂದೆ ಜಾಸ್ತಿ ಎಚ್ಚರ ಬೇಕು. ಸೇರೋವರೆಗೂ ಅವರು ನಮ್ಮನ್ನ ನೋಡ್ತಿದ್ರು, ನಾವೂ ಶಿಸ್ತಾಗಿದ್ವಿ. ಸೇರಿದ ಮೇಲೆ ಯಾರೂ ನೋಡಲ್ಲ. ನಮ್ಮಲ್ಲಿ ಆ ಸಾಹೇಬನ ಮಗ ಮತ್ತೆ ಕ್ಯೂ ಬಿಟ್ಟು ಮುಂದೆ ಹೋಗಿದ್ದು ಸೇರಿದ ಮಾರನೇ ವರ್ಷ."

ಎರಡು ಅವಧಿಯ ನಿಯಮದಿಂದಾಗಿ, ಏಳು ವರ್ಷ ಅಧ್ಯಕ್ಷರಾಗಿದ್ದ ನಾಗೇಂದ್ರ ಇಳಿದರು. ನಾವಾಗಿ ನಾವು ಅವರಿಗೆ ಸಾಕು ಎನ್ನುತ್ತಿರಲಿಲ್ಲ. ಅದು ಒಕ್ಕೂಟದಿಂದಲೇ ಆದದ್ದು. ಬೀಳ್ಕೊಡುವ ದಿನ ಅವರನ್ನೇ ಕೇಳಿದೆ. "ಆ ಅನುಬಂಧ ನೀವು ಓದಿದ್ರಾ?" "ನಂಗೂ ಸಾಕಾಗಿತ್ತು ವಸುಧಾ. ಪ್ರತಿ ಸಲ ಒಬ್ರು ಹೊಸಬ್ರು ಬಂದು ಬೇಡ ಅಂತಾರೆ," ಅಂದರು. ಅದು ಹೌದೋ ಅಲ್ಲವೋ ಇವತ್ತಿಗೂ ಗೊತ್ತಿಲ್ಲ. ಅಂಕಲ್‌ಗೆ ಹೇಳಿದೆ. "ಅದು ಉತ್ತರವಲ್ಲ. ಆದ್ರೂ ಬರೆದಿಟ್ಟುಕೋ," ಅಂದರು.

ಹೋದ ಚಳಿಗಾಲದಲ್ಲಿ ಅಂಕಲ್ ತೀರಿಹೋದರು. ಆಸ್ಪತ್ರೆಯಲ್ಲಿ ಎರಡೇ ದಿನ. ನಾನು ನೋಡಲು ಹೋದಾಗ ಡಾಕ್ಟರು ಕೊಟ್ಟ ಒಪ್ಪಿಗೆಯ ಕಾಗದವನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದರು. ಕೊನೆಯ ಪುಟ ಮೇಲಿತ್ತು. ಮಗಳು ಕಣ್ಣೊರೆಸಿಕೊಳ್ಳುತ್ತಾ, "ಸೈನ್ ಮಾಡೋಕೆ ಒಂದು ಗಂಟೆ ತಗೊಂಡ್ರು," ಅಂದಳು.

ಫರ್ಹಾನಾ ಓದು ಮುಗಿಸಿದಳು. ಅಡಿಲೇಡಿನಲ್ಲಿ ವೃದ್ಧರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಕೆಲಸ ಸಿಕ್ಕಿ, ಎರಡು ಸೂಟ್‌ಕೇಸು ಎಳೆದುಕೊಂಡು ಹೊರಟಳು. ಹೋದ ತಿಂಗಳು ಒಂದು ಭಾನುವಾರ ಆರ್ವೋ, ಅಂದರೆ ಇಲ್ಲಿಯವರ ಬಾಯಲ್ಲಿ ಮಧ್ಯಾಹ್ನ, ಅವಳ ಫೋನು ಬಂತು.

"ಆಂಟಿ, ಇವತ್ತು ಇಲ್ಲಿ ಕೂಟಕ್ಕೆ ಫಸ್ಟ್ ಟೈಮ್ ಹೋಗಿದ್ದೆ. ಶನಿವಾರ ಇದ್ದಿದ್ದನ್ನ ಭಾನುವಾರ ಮಾಡ್ಕೊಂಡಿದಾರೆ. ಎಲ್ಲಾ ಮಾತಾಡಿದ್ಮೇಲೆ ಕುಸುಮಾ ಆಂಟಿ ಎದ್ದು ನಿಂತ್ಕೊಂಡು, ಹೊಸಬರು ಯಾರಿದ್ದೀರಾ ಅಂದ್ರು. ನಾನೇ!"

"ಏನಂದೆ?"

"ಬೇಡ ಅಂದೆ. ಊಟ ಮೂರು ಗಂಟೆಗಂತೆ. ಹಸಿವಾಗಲ್ವಾ?"

ನಗುನಗುತ್ತಲೇ ನನ್ನ ಬಾಯಿಂದ ಬಂದ ಪ್ರಶ್ನೆ ನನ್ನದಾಗಿರಲಿಲ್ಲ. "ಬರೆದಿದ್ದಾರಾ?"

"ಇಲ್ಲ ಆಂಟಿ, ಸುಮ್ನೆ ಕೇಳ್ತಾರಂತೆ."

"ಬರೆಸು," ಅಂದೆ.

ನಿನ್ನೆ ಅವಳು ಒಂದು ಫೋಟೋ ಕಳಿಸಿದ್ದಾಳೆ. ಅಡಿಲೇಡಿನ ಕೂಟದ ಈ ತಿಂಗಳ ನಡವಳಿ, ಕೊನೆಯ ಪುಟ. ಭಾನುವಾರವನ್ನೂ ಹೊಸಬರ ಮಾತನ್ನೂ ಬರೆದಿದ್ದಾರೆ. ಮೂರೂ ಕೂಟಗಳ ಒಪ್ಪಿಗೆಯ ಸಹಿ ಇದೆ. ಮೊದಲನೆಯ ಸಹಿ ಬ್ರಿಸ್ಬೇನಿನ ಸುಧೀಂದ್ರ ಅವರದು. ಊಟ ಒಂದೂವರೆಗೆ.